ನೀರಿನಡಿಯ ದೀಪ

ಶೋಭನಾ ಮೊಣಕಾಲಿನವರೆಗೆ ಕೊಳದ ನೀರಿಗೆ ಇಳಿದಾಗ ಹಿಂದೆ ಮೆಟ್ಟಿಲ ಮೇಲೆ ಯಾರೋ ನಕ್ಕರು. ಯಾರೆಂದು ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ಜನವರಿಯ ಸಂಜೆ ಬೇಗನೆ ಕಪ್ಪಾಗುತ್ತಿತ್ತು, ನೀರು ಮೂಳೆಗೆ ಇಳಿಯುವಷ್ಟು ತಣ್ಣಗಿತ್ತು. ಕಣ್ಣಿಗೆ ಈಜುವವರ ಕನ್ನಡಕ, ಕೈಯಲ್ಲಿ ಕೋಚ್. ಬಿದಿರಿನ ತುದಿಗೆ ಕಬ್ಬಿಣದ ಮೊನೆಗಳನ್ನು ಗೊಂಚಲಾಗಿ ಕಟ್ಟಿದ ಬಂಗಾಳದ ಮೀನೀಟಿ ಅದು.

"ಬೌದಿ," ಅತ್ತಿಗೆ ಎಂಬ ಸಲುಗೆಯಲ್ಲಿ ಕರೆದ ಬಿಮಲ್‌ದಾ ಮೇಲಿನಿಂದ, "ಆ ಮೀನಿಗೆ ನಿಮ್ಮ ಕನ್ನಡ ಬರುತ್ತೋ ಇಲ್ಲವೋ, ಮೊದಲು ಕೇಳಿ ನೋಡಿ."

ಬಿಮಲ್‌ದಾ ಜಾದವ್‌ಪುರದ ಆ ವಸತಿ ಸಮುಚ್ಚಯದ ಕಾರ್ಯದರ್ಶಿ. ಅವನ ಬೆನ್ನ ಹಿಂದೆ ಡೀಸೆಲ್ ಪಂಪು ಬಂದು ಕೂತಿತ್ತು. ಅದರ ಮೇಲೆ ಪಂಪಿನವನು ಬೀಡಿ ಹಚ್ಚಿಕೊಂಡು ಕೂತಿದ್ದ. ಬೆಳಗಾದರೆ ಕೊಳ ಬತ್ತಿಸುವುದೆಂದು ನಿವಾಸಿಗಳ ಸಭೆಯಲ್ಲಿ ತೀರ್ಮಾನವಾಗಿತ್ತು. ಕಾರಣ ಕುಮೀರ್ ಮಾಛ್, ಮೊಸಳೆ ಮೀನು. ಯಾರೋ ಗಾಜಿನ ತೊಟ್ಟಿಯಲ್ಲಿ ಸಾಕಿದ್ದು, ತೊಟ್ಟಿ ಸಾಲದಾದಾಗ ತಂದು ಇಲ್ಲಿ ಸುರಿದಿದ್ದರು. ಈಗ ಅದು ಆಳುದ್ದ ಬೆಳೆದು, ಕೊಳದ ರೋಹು ಕಾಟ್ಲಾ ಮೀನುಗಳನ್ನೆಲ್ಲ ಮುಗಿಸಿ, ಬಾತುಕೋಳಿಗಳಿಗೆ ಬಾಯಿ ಹಾಕಿತ್ತು. ಗಾಳ ಕಡಿದುಕೊಂಡಿತು, ಬಲೆ ಹರಿಯಿತು. ಮಕ್ಕಳ ಜೀವದ ಪ್ರಶ್ನೆ ಎಂದ ಬಿಮಲ್‌ದಾ. ಬತ್ತಿಸಿದ ಕೊಳಕ್ಕೆ ಆಮೇಲೆ ನೀರು ಬರುವುದಿಲ್ಲ, ಲಾರಿಯಲ್ಲಿ ಕಲ್ಲುಮಣ್ಣು ಬರುತ್ತದೆ, ಅದರ ಮೇಲೆ ಕಾರುಗಳು ನಿಲ್ಲುತ್ತವೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಬೀದಿಯ ಕೊಳ ಹೋದದ್ದೂ ಹಾಗೆಯೇ.

ಮೀನೊಂದು ಹೋದರೆ ಕೊಳ ಇರಲಿ, ನನಗೇನು ದ್ವೇಷವೇ ಎಂದು ಸಭೆಯಲ್ಲಿ ಅವನು ಕೈ ಚೆಲ್ಲಿದಾಗ ಎದ್ದು ನಿಂತವಳು ಶೋಭನಾ. ಅದನ್ನು ನಾನು ತೆಗೆಯುತ್ತೇನೆ ಎಂದುಬಿಟ್ಟಿದ್ದಳು. ಮನೆಗೆ ಬೀಗ ಹಾಕಿದ ಮೇಲೆ ಗ್ಯಾಸ್ ಆರಿಸಿದೆನೋ ಎಂದು ಮತ್ತೆ ಮಹಡಿ ಹತ್ತುವ ಹೆಂಗಸು ಅವಳು. ತನ್ನ ದನಿ ಕೇಳಿ ತಾನೇ ಬೆಚ್ಚಿದ್ದಳು. ಆದರೆ ಈ ಊರಿಗೆ ಬಂದ ದಿನದಿಂದ ಅಡುಗೆಮನೆಯ ಕಿಟಕಿಯಲ್ಲಿ ಅವಳದು ಅಂತ ಇದ್ದದ್ದು ಆ ಒಂದು ತುಂಡು ನೀರು. ಗಂಗೊಳ್ಳಿಯ ಕಡಲು ನೋಡಿಕೊಂಡು ಬೆಳೆದವಳಿಗೆ ಅಷ್ಟೂ ಇಲ್ಲದೆ ಹೋದರೆ ಉಳಿದದ್ದು ಗೋಡೆ.

ಗಂಗೊಳ್ಳಿಯಲ್ಲಿ ಅಪ್ಪಯ್ಯ ಬಂಡೆಗಳ ಬುಡದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುತ್ತಿದ್ದ. ಟಾರ್ಚನ್ನು ಸೈಕಲ್ ಟ್ಯೂಬಿನಲ್ಲಿ ಬಿಗಿದು, ಹಗ್ಗ ಕಟ್ಟಿ ದೋಣಿಯಿಂದ ಇಳಿಸುವುದು ಮಗಳ ಕೆಲಸ. ಈಟಿ ಮುಟ್ಟುವ ಹಾಗಿರಲಿಲ್ಲ. ಹೆಣ್ಣು ದಾಟಿದ ಈಟಿಯನ್ನು ಅಪ್ಪಯ್ಯ ಉಪ್ಪುನೀರಲ್ಲಿ ತೊಳೆದು, ಆ ದಿನ ಕಡಲಿಗೇ ಇಳಿಯುತ್ತಿರಲಿಲ್ಲ. ಹಾಗಾಗಿ ಅವಳು ಬರೀ ದೀಪ ಹಿಡಿದಳು, ನೋಡಿದಳು. ದೀಪಕ್ಕೆ ಮೊದಲು ಹುಳುಹುಪ್ಪಟೆ ಬರುತ್ತದೆ, ಹುಳಕ್ಕೆ ಮರಿಮೀನು, ಮರಿಮೀನಿಗೆ ದೊಡ್ಡದು. ದೊಡ್ಡದು ಬೆಳಕಿನೊಳಗೆ ನುಗ್ಗುವುದಿಲ್ಲ, ಅಂಚಿನಲ್ಲಿ ಸುತ್ತು ಹಾಕುತ್ತದೆ. ಹೊಡೆಯುವವನು ದೀಪದಿಂದ ದೂರ, ಕತ್ತಲಲ್ಲಿ ಇರಬೇಕು. "ಬೆಳಕ್ ಕಾಂಬುಕಲ್ಲ ಹೆಣೆ, ಬೆಳ್ಕಿಗೆ ಅಡ್ಡ ಬಪ್ಪುದ್ನ್ ಕಾಣ್ಕ್" ಎನ್ನುತ್ತಿದ್ದ ಅಪ್ಪಯ್ಯ; ನೋಡಬೇಕಾದ್ದು ಬೆಳಕನ್ನಲ್ಲ, ಅದಕ್ಕೆ ಅಡ್ಡ ಬರುವುದನ್ನು.

ಕೋಚ್ ಅವಳು ಕೊಂಡದ್ದು ಸಿಯಾಲ್ದಾದ ಹಿಂದಿನ ಬೀದಿಯಲ್ಲಿ. ಮೊನೆಗಳಿಗೆ ಗೋಣಿ ಸುತ್ತಿಕೊಂಡು ಲೋಕಲ್ ಟ್ರೇನಿನ ಹೆಂಗಸರ ಡಬ್ಬಿ ಹತ್ತಿದಾಗ ತರಕಾರಿಯವಳೊಬ್ಬಳು ಯಾರ ಮೇಲೆ ದೀದಿ, ಅತ್ತೆಯ ಮೇಲೋ ಗಂಡನ ಮೇಲೋ ಎಂದು ಕೇಳಿದ್ದಳು. ಇಡೀ ಡಬ್ಬಿ ನಕ್ಕು, ಅವಳಿಗೆ ಕೂರಲು ಜಾಗ ಮಾಡಿಕೊಟ್ಟಿತ್ತು.

ಈಗ ದೀಪದ ಹಗ್ಗ ಗಂಡನ ಕೈಯಲ್ಲಿತ್ತು. ವಿವೇಕ ಮೈಸೂರಿನವನು, ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಷ್ಟ್ರು, ನೀರು ಕಂಡರೆ ದೂರ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಎಲ್‌ಇಡಿ ದೀಪ, ಮುಳುಗಲೆಂದು ಅದರ ಸುತ್ತ ಕಲ್ಲು, ಮುಚ್ಚಳಕ್ಕೆ ಮೇಣ. ಅದನ್ನು ಉದ್ದ ಬಿದಿರಿನ ತುದಿಯಿಂದ ಇಳಿಬಿಟ್ಟು ಅವನು ಕಟ್ಟೆಯ ಮೇಲೆ ಕೂತಿದ್ದ. ಶೋಭನಾ ಕತ್ತಿನವರೆಗಿನ ನೀರಿಗೆ ಹೋಗಿ, ಉಸಿರು ತುಂಬಿಕೊಂಡು ಮುಳುಗಿದಳು.

ಪಾಚಿಯ ನೀರು. ಕೆಸರಿನಲ್ಲಿ ಮೊಣಕಾಲೂರಿದರೆ ತನ್ನ ಕೈಯೇ ಕಾಣದು. ಎದುರಿಗೆ ಹಸಿರು ಮಬ್ಬಿನ ಒಂದು ಉಂಡೆ. ಆ ಉಂಡೆ ಹತ್ತಿರ ಹತ್ತಿರ ಬರುತ್ತಿತ್ತು. ಅವಳು ತಟಕ್ಕನೆ ಮೇಲೆದ್ದಳು.

"ದೀಪ ನನ್ನ ಹತ್ರ ತರಬೇಡಿ ಮಾರಾಯ್ರೆ."

"ನೀನು ಎಲ್ಲಿದೀಯ ಅಂತಾನೇ ಕಾಣಲ್ವಲ್ಲೇ," ಎಂದ ವಿವೇಕ.

"ಕಾಣಬಾರದು."

ಅವನು ಬಿದಿರನ್ನು ದೂರ ಸರಿಸಿದ. ಅಷ್ಟು ಹೊತ್ತಿಗೆ ದಡದ ಸುತ್ತ ಜನ ತುಂಬಿ, ಒಬ್ಬೊಬ್ಬರ ಮೊಬೈಲೂ ಉರಿಯುತ್ತಿತ್ತು. ಕೆಲವರು ವೀಡಿಯೊಗೆ, ಕೆಲವರು ಪಾಪ, ಅವಳಿಗೆ ದಾರಿ ಕಾಣಲೆಂದು. ನೀರಿನ ಮೈತುಂಬ ಬೆಳಕು ಚೆಲ್ಲಿ, ಅವಳ ದೀಪದ ಸುತ್ತ ಒಂದು ಹುಳುವೂ ಇರಲಿಲ್ಲ. ಮರ್ಯಾದೆಯ ಮಾತುಗಳನ್ನು ಅವಳು ಮನಸ್ಸಿನಲ್ಲಿ ಜೋಡಿಸಿಕೊಳ್ಳತೊಡಗಿದಳು. ಆಮೇಲೆ ಜೋಡಿಸುವುದನ್ನು ಬಿಟ್ಟು ತನ್ನ ಮುರುಕು ಬಂಗಾಳಿಯಲ್ಲೇ ಹೇಳಿದಳು: "ದೀಪ ಆರಿಸಿ. ಎಲ್ಲರೂ."

ಕತ್ತಲಲ್ಲಿ ಏನಾದರೂ ಆದರೆ ಜವಾಬ್ದಾರಿ ಯಾರದು ಎಂದ ಬಿಮಲ್‌ದಾ.

"ನನ್ನದು. ನಿಮ್ಮದೂ ಆರಿಸಿ."

ನೆಲಮಹಡಿಯ ಮುದುಕಿ, ಎಲ್ಲರೂ ಮಾಶಿಮಾ ಎನ್ನುವವಳು, ಮೊಮ್ಮಗಳ ಕೈಯ ಫೋನನ್ನು ಸೆರಗಿನೊಳಗೆ ಮುಚ್ಚಿಬಿಟ್ಟಳು. ಮಿಕ್ಕವೂ ಆರಿದವು. ಬಿಮಲ್‌ದಾನದು ಕೊನೆಗೆ.

ಅವಳು ಮುಳುಗಿದಳು, ಎದ್ದಳು, ಮುಳುಗಿದಳು. ಚಳಿಗೆ ಬೆರಳು ಮರಗಟ್ಟಿದವು. ದೀಪದ ಸುತ್ತ ಧೂಳಿನಂತೆ ಹುಳುಗಳು ಎದ್ದವು. ಆಮೇಲೆ ಪುಂಟಿಮೀನಿನ ಮರಿಗಳು ಹೊಳೆಯುತ್ತ ಬಂದವು. ಒಮ್ಮೆ ಉಸಿರಿಗೆಂದು ಮೇಲೆ ಬಂದಾಗ, ಸ್ವಲ್ಪ ದೂರದಲ್ಲೇ ಮೊಸಳೆ ಮೀನೂ ಅವಳಂತೆಯೇ ಗುಳುಕ್ಕೆಂದು ಗಾಳಿ ನುಂಗಿ ಕೆಳಗಿಳಿಯಿತು. ದಡ ಹತ್ತಿಬಿಡಬಹುದಿತ್ತು.

ಅವಳು ಕೆಳಗೆ ಹೋದಳು. ಹಸಿರು ಮಬ್ಬಿನ ಅಂಚು ಕತ್ತರಿಸಿಕೊಂಡು ಒಂದು ಉದ್ದನೆಯ ಕಪ್ಪು ನಿಧಾನವಾಗಿ ಹಾಯಿತು, ಚೂಪು ಮೂತಿ, ಹಿಂದೆ ಸರಿದ ರೆಕ್ಕೆ. ಹಾಯಲು ಬಿಟ್ಟಳು. ಆ ಮೀನಿನ ಮೈಹುರುಪೆ ಕಲ್ಲಿನಂಥದು. ಮೊನೆ ಇಳಿಯುವುದು ಕಿವಿರಿನ ಹಿಂದೆ ಮಾತ್ರ. ಅದು ಸುತ್ತು ಹಾಕಿ ಮತ್ತೆ ದೀಪಕ್ಕೂ ತನಗೂ ನಡುವೆ ಬಂದಾಗ ಮೊಣಕಾಲಿನಿಂದ ಎದ್ದು ತನ್ನ ಇಡೀ ಭಾರ ಹಾಕಿ ಚುಚ್ಚಿದಳು. ಬಿದಿರು ಅವಳನ್ನು ಕೆಸರಿನಲ್ಲಿ ದರದರ ಎಳೆಯಿತು. ಅವಳು ಕೈ ಬಿಡಲಿಲ್ಲ.

ಮೆಟ್ಟಿಲ ಮೇಲೆ ಅದನ್ನು ಎಳೆದು ಹಾಕಿದಳು. ಮೀನು ಒಮ್ಮೆ ಬಾಲ ಬಡಿದು ಸುಮ್ಮನಾಯಿತು. ಬಿಮಲ್‌ದಾ ಬಗ್ಗಿ ಹಲ್ಲು ನೋಡಿದ, ಶಹಭಾಸ್ ಬೌದಿ ಎಂದ. ಆಮೇಲೆ ಎದ್ದು ನಿಂತು, ಒಂದು ಹೋಯಿತು ಸರಿ, ಇನ್ನೊಂದಿಲ್ಲ ಅಂತ ಹೇಗೆ ಹೇಳುವುದು, ಪಂಪು ಬಂದೂ ಆಗಿದೆಯಲ್ಲ ಎಂದ. ಎಲ್ಲರೂ ಮನೆಗೆ ನಡೆಯಿರಿ ಎನ್ನುತ್ತ ದಡದ ಕಂಬದಲ್ಲಿದ್ದ ಸ್ವಿಚ್ಚಿನ ಪೆಟ್ಟಿಗೆಗೆ ಕೈ ಹಾಕಿ ದೊಡ್ಡ ದೀಪ ಹೊತ್ತಿಸಿದ. ಕೊಳ ಬಿಳುಚಿಕೊಂಡಿತು.

ಶೋಭನಾಳ ತುಟಿ ನೀಲಿಗಟ್ಟಿತ್ತು. ಅವಳು ಮೀನಿನ ಮೈಯಿಂದ ಕೋಚ್ ಕಿತ್ತುಕೊಂಡು ಮತ್ತೆ ಮೆಟ್ಟಿಲಿಳಿದು, ಸೊಂಟದವರೆಗಿನ ನೀರಿನಲ್ಲಿ ನಿಂತಳು.

"ಇನ್ನೊಂದಿದ್ದರೆ ಅದನ್ನೂ ತೆಗೀತೀನಿ," ಎಂದಳು. "ಇಲ್ಲ ಅಂತ ನಿಮಗೆ ಗೊತ್ತಾಗೋವರೆಗೆ ನಾನು ಏಳೋದಿಲ್ಲ. ಬೆಳಿಗ್ಗೆ ಪಂಪು ಹಾಕೋದಾದ್ರೆ ಹಾಕಿ, ನಾನು ಇಲ್ಲೇ ಇರ್ತೀನಿ."

ಬಿಮಲ್‌ದಾ ವಿವೇಕನ ಕಡೆ ತಿರುಗಿ, ಪ್ರೊಫೆಸರ್ ಬಾಬು, ನಿಮ್ಮ ಮನೆಯವರಿಗೆ ನೀವಾದರೂ ಹೇಳಿ ಎಂದ. ವಿವೇಕ ಬಿದಿರನ್ನು ಕಟ್ಟೆಗೆ ಜೋಪಾನವಾಗಿ ಕಟ್ಟಿ, ಪ್ಯಾಂಟಿನ ಕೆಸರು ಒರೆಸಿಕೊಂಡು ಎದ್ದ. ಹೆಂಡತಿಯನ್ನು ನೋಡಿದ. ಆ ಸಮುಚ್ಚಯದಲ್ಲಿ ಯಾರೂ ಅವನ ಏರಿದ ದನಿ ಕೇಳಿದ್ದಿಲ್ಲ, ಅವತ್ತೂ ಕೇಳಲಿಲ್ಲ. ಕಂಬದ ಹತ್ತಿರ ಹೋಗಿ ದೊಡ್ಡ ದೀಪ ಆರಿಸಿದ. ಪೆಟ್ಟಿಗೆಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ಅಲ್ಲೇ ನಿಂತ.

ಕತ್ತಲು ಮರಳಿತು. ಕೊಳದ ನಡುವೆ ಹಸಿರು ಉಂಡೆ ಮೆಲ್ಲಗೆ ಮತ್ತೆ ಕಾಣತೊಡಗಿತು. ಪಂಪಿನ ಮೇಲೆ ಕೂತಿದ್ದವನು ಅತ್ತ ನೋಡಿದ, ಆಮೇಲೆ ತನ್ನ ಬೆರಳಿನ ನಡುವಿನ ಕೆಂಡವನ್ನು ನೋಡಿ, ಬೀಡಿಯನ್ನು ಚಪ್ಪಲಿಯಡಿ ಹಾಕಿ ಒತ್ತಿದ.