ಹೆಸರಿನ ಕೆಳಗಿನ ಗೆರೆ

ಚಿಪ್ ವಿನ್ಯಾಸ ಮಾಡುವ ನಮ್ಮಲ್ಲಿ ಒಂದು ಸಂಪ್ರದಾಯವಿದೆ. ಎಲ್ಲ ಪರೀಕ್ಷೆ ಮುಗಿದು, ನಕ್ಷೆಯನ್ನು ಫ್ಯಾಕ್ಟರಿಗೆ ಕಳಿಸುವ ಮುನ್ನ, ಮೇಲಿನ ಲೋಹದ ಪದರದಲ್ಲಿ ಖಾಲಿ ಜಾಗ ಹುಡುಕಿ ಹೆಸರು ಬರೆದುಕೊಳ್ಳುತ್ತೇವೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಕಾಣದ ಕಡೆ ಹೆಸರು ಬರೆದು ಹಿಗ್ಗುವ ಜನ ನಾವು. ಒಂದು ಚಿಪ್‌ನಲ್ಲಿ ಉಳಿದವರು ಮೂಲೆಯಲ್ಲಿ ಇನಿಶಿಯಲ್ ಹಾಕಿ ಸುಮ್ಮನಾದರು. ನಾನು ತಂಡದ ಮುಖ್ಯಸ್ಥನಲ್ಲವೇ, ಸಿಗ್ನಲ್ ಕಳಿಸುವ ಆಂಟೆನಾದ ಪಕ್ಕದಲ್ಲೇ ಒಳ್ಳೆ ಜಾಗ ನೋಡಿ 'ವಿಶ್ರುತ್' ಎಂದು ಪೂರ್ತಿ ಬರೆದೆ. ಸಾಲದೆನಿಸಿ ಕೆಳಗೆ ಉದ್ದಕ್ಕೊಂದು ಗೆರೆಯನ್ನೂ ಎಳೆದೆ. ಕೆ.ಆರ್. ಪುರದ ನಮ್ಮ ಕಾಲೊನಿಯಲ್ಲಿ ಅಮ್ಮ ಇದನ್ನು ಮನೆಮನೆಗೂ ಹೇಳಿ ಬಂದರು.

ಆ ಚಿಪ್‌ನ ಕೆಲಸ ಇಷ್ಟೆ: ತಂತಿಯಿಲ್ಲದೆ, ಕೆಲವೇ ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳ ಮೇಲೆ, ಇಡೀ ಸಿನಿಮಾವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆಗೆ ದಾಟಿಸುವುದು. ದೊಡ್ಡನೆಕ್ಕುಂದಿಯ ನಮ್ಮ ಲ್ಯಾಬಿಗೆ ಬಂದ ಮೇಲೆ ಅದು ಸಿನಿಮಾ ಹಾಗಿರಲಿ, ಒಂದು ಫೋಟೊವನ್ನೂ ಮೇಜಿನ ಆ ತುದಿಗೆ ಮುಟ್ಟಿಸಲಿಲ್ಲ. ಸಿಗ್ನಲ್ ಟಿನ್ ಫ್ಯಾಕ್ಟರಿ ಬಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕ ಬಸ್ಸಿನಂತೆ ನಿಂತಲ್ಲೇ ನಿಂತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಆಂಟೆನಾ ಡೊಂಕು ಎಂದೆ. ಆಂಟೆನಾ ಮಾಡಿದವಳು ನಾಜಿಶ್, ಫ್ರೇಜರ್ ಟೌನಿನ ಹುಡುಗಿ, ಇದು ಅವಳ ಮೊದಲ ಚಿಪ್. ಮೀಟಿಂಗಿನಲ್ಲಿ ನಾನು ಬೋರ್ಡಿನ ಮೇಲೆ ಚಿತ್ರ ಬರೆದು, ಹುಡುಗಿಗೆ ಅನುಭವ ಸಾಲದು ಎಂಬುದನ್ನು ಬಹಳ ಗಂಭೀರವಾಗಿ ವಿವರಿಸಿದೆ. ನಮ್ಮ ಬಾಸ್ ಶೀಬಾ ಮೇಡಂ, ಶುಕ್ರವಾರದವರೆಗೆ ನೋಡೋಣ, ಆಗದಿದ್ದರೆ ಆಂಟೆನಾ ಹೊರಗಿನಿಂದ ತರಿಸಿ ಇವಳನ್ನು ಬೇರೆ ತಂಡಕ್ಕೆ ಹಾಕೋಣ ಎಂದರು. ನಾಜಿಶ್ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಗುರುವಾರ ಅವಳು ನನ್ನನ್ನು ಮೈಕ್ರೋಸ್ಕೋಪಿನ ಹತ್ತಿರ ಕರೆದಳು. ಪರದೆಯ ಮೇಲೆ ನನ್ನ ಹೆಸರು ಅಂಗಡಿ ಬೋರ್ಡಿನ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ಸುಳ್ಳೇಕೆ ಹೇಳಲಿ, ನೋಡಿ ಖುಷಿಯೇ ಆಯಿತು.

"ಸರ್, ಇದ್ರಲ್ಲಿ ಎರಡು ಆಂಟೆನಾ ಇದೆ," ಎಂದಳು. "ಒಂದು ನಂದು. ಇನ್ನೊಂದು ನಿಮ್ದು."

ಅವಳ ಬೆರಳು ಗೆರೆಯ ಮೇಲಿತ್ತು. ಅದರ ಉದ್ದ, ಚಿಪ್‌ನೊಳಗೆ ಹರಿಯುವ ನಮ್ಮ ಅಲೆಯ ಉದ್ದದ ಸರಿಯಾಗಿ ಅರ್ಧ. ಅಷ್ಟುದ್ದದ ಲೋಹ ಪಕ್ಕದಲ್ಲಿದ್ದರೆ ಸಿಗ್ನಲನ್ನು ತಾನೇ ಹೀರಿಕೊಳ್ಳುತ್ತದೆ. ಹೊಸಬರಿಗೆ ಈ ಪಾಠ ಮಾಡುವವನೂ ನಾನೇ. ಪರೀಕ್ಷೆಯೆಲ್ಲ ಹೆಸರು ಬರೆಯುವ ಮೊದಲೇ ಮುಗಿದಿದ್ದರಿಂದ ಕಂಪ್ಯೂಟರಿಗೆ ನನ್ನ ಗೆರೆಯ ಸುದ್ದಿಯೇ ತಿಳಿದಿರಲಿಲ್ಲ.

"ಮೇಡಂಗೆ ನೀವ್ ಹೇಳ್ತೀರಾ, ನಾನ್ ಹೇಳ್ಲಾ?"

ನಾಚಿಕೆಗಿಂತ ಮೊದಲು ಬಂದದ್ದು ಉಪಾಯಗಳು. ಫ್ಯಾಕ್ಟರಿಯವರ ಮೇಲೆ ಹಾಕೋಣವೇ, ಮೈಕ್ರೋಸ್ಕೋಪೇ ಸರಿಯಿಲ್ಲ ಎನ್ನೋಣವೇ ಎಂದೆಲ್ಲ ತಲೆ ಓಡಿತು. ನಾಜಿಶ್ ಕಾಯುತ್ತಾ ನಿಂತಿದ್ದಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಅದನ್ನು ನೋಡಿದ ಮೇಲೆ ನನಗೆ ನಿಜವಾಗಿ ನಾಚಿಕೆಯಾಯಿತು. ನಾನೇ ಹೇಳುತ್ತೇನೆ ಎಂದೆ.

ಮಾಡಿದ್ದುಣ್ಣೋ ಮಹಾರಾಯ. ಶುಕ್ರವಾರ ಎಲ್ಲರೆದುರು ಹೇಳಿದೆ. ಶೀಬಾ ಮೇಡಂ ಪರದೆಯನ್ನೇ ನೋಡುತ್ತಾ ಕೂತು, ಹೆಸರು ಸರಿ, ಈ ಗೆರೆ ಯಾಕೆ ಎಂದು ಕೇಳಿದರು. ನಾನು ಎದ್ದು ಲ್ಯಾಬಿನ ಕಡೆ ನಡೆದೆ. ಲೇಸರಿನಿಂದ ಗೆರೆಯನ್ನು ತುಂಡು ತುಂಡಾಗಿ ಕತ್ತರಿಸಿದೆವು. ಊಟದ ಹೊತ್ತಿಗೆ ಸಿನಿಮಾ ಮೇಜು ದಾಟಿತು, ನಾಜಿಶ್ ತಂಡದಲ್ಲೇ ಉಳಿದಳು.

ಮುಂದಿನ ಚಿಪ್‌ನಲ್ಲಿ ನಾನು ಹೆಸರು ಬರೆಯಲಿಲ್ಲ. ಅಮ್ಮನಿಗೆ ಏನು ಹೇಳುವುದೆಂದು ಯೋಚಿಸುತ್ತಾ ನಕ್ಷೆಯನ್ನು ಕೊನೆಯ ಸಲ ನೋಡುತ್ತಿದ್ದೆ. ಮೂಲೆಯಲ್ಲಿ, ಚಿಕ್ಕದಾಗಿ, ಗೆರೆಯಿಲ್ಲದೆ ನನ್ನ ಹೆಸರಿತ್ತು. ಬರೆದವಳು ನಾಜಿಶ್. ಯಾಕಮ್ಮಾ ಎಂದು ಕೇಳಿದೆ.

"ಈ ಸಲ ಹೆಸ್ರು ಹಾಕೇ ಟೆಸ್ಟ್ ಮಾಡಿದ್ದೀನಿ ಸರ್," ಎಂದಳು. "ನಿಮ್ಮಿಂದ ಏನೂ ತೊಂದ್ರೆ ಇಲ್ಲ."

ನನ್ನ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಕ್ಕಿಲ್ಲ. ಇದನ್ನು ಮಾತ್ರ ಕಾಲೊನಿಯ ಮನೆಮನೆಗೂ ನಾನೇ ಹೇಳಿ ಬಂದೆ.