ತಗಡಿನ ಮಡಿಕೆ

ಗಂಡ ಕಾಲ ಮೇಲೆ ಕಾಲು ಹಾಕಿ ಹಿಮ್ಮಡಿ ಕೆರೆಯಲು ಕೂತನೆಂದರೆ ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ಜೇಬಿನಿಂದ ಆ ಸಪೂರ ಮಡಿಸುವ ಚಾಕು ಹೊರಬರುತ್ತಿತ್ತು. ಒಡೆದ ಹಿಮ್ಮಡಿಯ ಸತ್ತ ಚರ್ಮ ಹಳದಿ ಚೂರುಗಳಾಗಿ ನೆಲಕ್ಕೆ ಉದುರುತ್ತಿತ್ತು. ಆಮೇಲೆ ಉಗುರಿನ ಸಂದಿ, ಅದಾದ ಮೇಲೆ ಹಲ್ಲಿನ ಸಂದಿ. ಕೊನೆಗೆ ಅಲಗನ್ನು ಪ್ಯಾಂಟಿನ ತೊಡೆಗೆ ಒಮ್ಮೆ ಒರೆಸಿ, ಅದರಲ್ಲೇ ಮನೆಮಂದಿಗೆಲ್ಲ ಸೇಬು ಹೆಚ್ಚುವುದು. ಕಬ್ಬಿಣಕ್ಕೆಂಥ ಕೊಳೆ ಅನ್ನುವುದು ಅವನ ವೇದವಾಕ್ಯ. ಹೆಚ್ಚಿ ಹೆಚ್ಚಿ ಎಲ್ಲರ ಕೈಗೂ ಇಡುತ್ತಿದ್ದ. ತಾನು ಮಾತ್ರ ಇಡೀ ಹಣ್ಣನ್ನು ಕಚ್ಚಿಯೇ ತಿನ್ನುವವನು. ರುಚಿ ಇರುವುದು ಕಚ್ಚುವುದರಲ್ಲಂತೆ.

ಮದುವೆಯಾದ ಲಾಗಾಯ್ತು ಅವಳು ತನ್ನ ಪಾಲಿನ ಹೋಳನ್ನು ಅಗಿಯದೆ, ಮಾತ್ರೆಯ ಹಾಗೆ ನೀರು ಕುಡಿದು ನುಂಗುತ್ತ ಬಂದಿದ್ದಳು.

ಆ ಚಾಕುವಿನ ಹಿಡಿ ಅವಳ ಕೈಯಲ್ಲೇ ತಯಾರಾದದ್ದು. ಚಾಕು ಕಾರ್ಖಾನೆಯಲ್ಲಿ ಅವಳದು ಹಿಡಿ ಮಡಿಸುವ ಪ್ರೆಸ್ಸು. ತಗಡಿನ ಪಟ್ಟಿಯನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಪಟ್ಟಿ ನಟ್ಟನಡುವೆ ಮಡಚಿಕೊಂಡು ಹಿಡಿಯಾಗುತ್ತದೆ. ಮರವಿಲ್ಲ, ಕೊಂಬಿಲ್ಲ, ಬರೀ ತಗಡು. ಅಲಗು ಆ ಮಡಿಕೆಯೊಳಗೇ ಮಲಗಬೇಕು. ಬೆನ್ನಿನ ಕಡೆ ಸಂದಿಯೇ ಇಲ್ಲದ್ದರಿಂದ ಒಳಗೆ ಸೇರಿದ್ದು ಹೊರಗೆ ಬರುವ ಮಾತಿಲ್ಲ. ಇದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ತೊಡೆಗೆ ಒರೆಸಿದರೆ ಅಲಗು ಹೊಳೆಯಬಹುದು. ಮಡಚಿದ ಕೂಡಲೇ ಅದು ಹೋಗಿ ಮಲಗುವುದು ಅದೇ ಹಾಸಿಗೆಯಲ್ಲಿ.

ಈಗ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೂಸಿಗೆ ಕೆಳಗಡೆ ಎರಡು ಹಲ್ಲು ಮೂಡಿದ್ದವು. ಭಾನುವಾರ ಮೊಮ್ಮಗಳ ಬಾಯಿಗೆ ಮೊದಲ ಹಣ್ಣು ತಾನೇ ಇಡುವುದೆಂದು ಅಜ್ಜ ಸಾರಿಬಿಟ್ಟಿದ್ದ. ಅಡುಗೆಮನೆಯ ಚಾಕುವಿನಲ್ಲಿ ಹೆಚ್ಚೋಣ ಎಂದು ಅವಳು ಮೆಲ್ಲಗೆ ಹೇಳಿ ನೋಡಿದಳು. ನಾವೆಲ್ಲ ಅಪ್ಪನ ಚಾಕುವಲ್ಲೇ ತಿಂದು ಬೆಳೆದಿಲ್ವಾ, ಯಾರಾದ್ರೂ ಸತ್ರಾ ಎಂದು ಮಗಳು ನಕ್ಕಳು.

"ಚಾಕು ಅಲ್ಲ ಕಣಮ್ಮ," ಗಂಡ ಮಗಳಿಗೆ ಕಣ್ಣು ಹೊಡೆದ. "ನಿಮ್ಮಮ್ಮಂಗೆ ನನ್ನ ಕಂಡ್ರೇ ಹೇಸಿಗೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಶನಿವಾರ ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಚಾಕು ಸಿಕ್ಕಿತು. ಅದನ್ನು ಕಾರ್ಖಾನೆಗೆ ಒಯ್ದಳು. ಊಟದ ಬಿಡುವಿನಲ್ಲಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ತೂರಿಸಿ ಎಳೆದಳು. ಬೂದುಬಣ್ಣದ ಅಂಟು, ಹುಳದಂತೆ ಉದ್ದಕ್ಕೆ, ಕಿತ್ತುಕೊಂಡು ಬಂತು. ಅದರಲ್ಲಿ ಉಗುರಿನ ತುಣುಕು, ಕೂದಲು, ಕೊಳೆತು ಕಪ್ಪಾದ ಹಣ್ಣಿನ ಸಿಪ್ಪೆ, ಯಾವುದೋ ನೊಣದ ರೆಕ್ಕೆ. ವಾಸನೆ ಮೂಗಿಗೆ ಬಡಿದಾಗ ಇಷ್ಟು ವರ್ಷ ನುಂಗಿದ್ದೆಲ್ಲ ಗಂಟಲಿಗೆ ಬಂದ ಹಾಗಾಯಿತು.

ಸಾಣೆ ಹಿಡಿಯುವವಳು ಬಗ್ಗಿ ನೋಡಿ ಸೆರಗು ಮೂಗಿಗೊತ್ತಿಕೊಂಡಳು. "ಅಕ್ಕಾ, ಇದೇನು ಚಾಕುವೋ ಚರಂಡಿಯೋ?"

ಎರಡು ಸಲ ಸೋಪಿನಲ್ಲಿ ತೊಳೆದು, ಕುದಿನೀರು ಹೊಯ್ದು, ಒಣಗಿಸಿ ತಂದು ಗಂಡನ ಕೈಗೆ ಕೊಟ್ಟಳು. ಇನ್ನು ಕೂಸಿಗೆ ಭಯವಿಲ್ಲ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಗಂಡ ಚಾಕುವನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಮದುಮಗಳ ಹಾಗೆ ಹೊಳೀತಿದೆಯಲ್ಲ ಎಂದ. ಹೇಳುತ್ತಲೇ ಕಾಲೆತ್ತಿ ಹಿಮ್ಮಡಿ ಕೆರೆದ. ತೊಡೆಗೆ ಒರೆಸಿದ. ಸೇಬು ಹೆಚ್ಚಿ ಒಂದು ಹೋಳು ಮಗಳಿಗೆ ಕೊಟ್ಟು, ತೆಳ್ಳನೆಯ ಇನ್ನೊಂದನ್ನು ಕೂಸಿನ ಬಾಯಿಯತ್ತ ಚಾಚಿದ. ಕೂಸು ಹಕ್ಕಿಮರಿಯಂತೆ ಬಾಯಿ ತೆರೆಯಿತು.

ಅವಳ ಅಂಗೈ ಅಡ್ಡ ಹೋಗಿ ನಿಂತಿತು.

"ನಿನ್ನೆ ತಾನೇ ತಿಕ್ಕಿ ತೊಳ್ಕೊಂಡು ಬಂದಿದೀಯ. ಇನ್ನೇನು ನಿನ್ನ ರೋಗ?" ಗಂಡ ಸಿಡುಕಿದ.

"ನೀವು ಅವತ್ತು ಹೇಳಿದ್ದು ನಿಜ," ಅಂದಳು. ದನಿ ಏರಲಿಲ್ಲ. "ಚಾಕು ಅಲ್ಲ. ನಿಮ್ಮನ್ನ ಕಂಡ್ರೇ ಹೇಸಿಗೆ."

ಈ ಸಲ ಯಾರೂ ನಗಲಿಲ್ಲ.

"ಆ ಹೋಳು ಮೊದಲು ನೀವು ತಿನ್ನಿ. ಆಮೇಲೆ ಮಗು ತಿನ್ನತ್ತೆ."

ಅದೇನು ಮಹಾ ಎಂಬಂತೆ ಅವನು ಹೋಳನ್ನು ತುಟಿಯವರೆಗೆ ತಂದ. ಅಲ್ಲೇ ತಡೆದ. ಕಣ್ಣು ತನ್ನ ಹಿಮ್ಮಡಿಯ ಕಡೆಗೂ ನೆಲದ ಮೇಲಿನ ಚೂರುಗಳ ಕಡೆಗೂ ಹೊರಳಿತು. ಹೋಳನ್ನು ತಟ್ಟೆಯ ಅಂಚಿಗಿಟ್ಟು, ನಂಗೆ ಕಚ್ಚಿ ತಿಂದೇ ಅಭ್ಯಾಸ, ಗೊತ್ತಲ್ಲ ಎಂದು ಗೊಣಗಿದ. ಪಕ್ಕದಲ್ಲಿದ್ದ ಇಡೀ ಹಣ್ಣಿಗೂ ಕೈ ಹಾಕಲಿಲ್ಲ.

ಮಗಳು ಅಗಿಯುತ್ತಿದ್ದವಳು ನಿಲ್ಲಿಸಿದಳು. ಅಪ್ಪನ ಮುಖವನ್ನೇ ನೋಡುತ್ತ ಕೂಸನ್ನು ಎದೆಗೆ ಎಳೆದುಕೊಂಡಳು. ಬಾಯಲ್ಲಿದ್ದುದನ್ನು ಉಗುಳಲು ಜಾಗ ಕಾಣದೆ ತಡಕಾಡಿದಳು.

ಅವಳು ಮಗಳ ಬಾಯಿಯ ಕೆಳಗೆ ಅಂಗೈ ಒಡ್ಡಿದಳು. ಜೊಲ್ಲು ಬೆರೆತ, ಅರ್ಧ ಅಗಿದ ಸೇಬು ಬೆಚ್ಚಗೆ ಬಂದು ಬಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಯ ಚಾಕು ತರಲು ಎದ್ದಳು. ಮಗಳ ಎಂಜಲಿಗೆ ಅವಳಿಗೆ ಒಂದಿಷ್ಟೂ ಹೇಸಿಗೆಯಾಗಲಿಲ್ಲ.