ಪ್ಯಾನೆಲ್ಲಿನ ಬೆನ್ನ ಬಿಸಿ

ಬೀದಿಯಲ್ಲಿ ಮೊದಲು ಸೋಲಾರ್ ಪ್ಯಾನೆಲ್ ಹಾಕಿಸಿದವಳು ಹಿರಿಯ ಸೊಸೆ. ಅವಳ ಇಸ್ತ್ರಿ ಅಂಗಡಿ ಅದರಲ್ಲೇ ನಡೆಯುತ್ತಿತ್ತು. ಬಂದವರಿಗೆಲ್ಲ ಮಾಳಿಗೆ ತೋರಿಸಿ ಬೀಗುತ್ತಿದ್ದಳು. ಪಕ್ಕದಲ್ಲೇ ಲಾಂಡ್ರಿ ಇಟ್ಟಿದ್ದ ವಾರಗಿತ್ತಿಯೂ ಪ್ಯಾನೆಲ್ ಹಾಕಿಸಿದಾಗ ಹಿರಿಯವಳು ಮೂಗು ಮುರಿದಳು. ಆದರೆ ಹಿಂದೆ ಪ್ಲಂಬರ್ ಕೆಲಸ ಮಾಡಿದ್ದ ಆ ಕಿರಿಯವಳು ಅಷ್ಟಕ್ಕೇ ಬಿಡಲಿಲ್ಲ. ಪ್ಯಾನೆಲ್ಲುಗಳ ಬೆನ್ನಿಗೆ ತಾಮ್ರದ ಕೊಳವೆ ಕೂರಿಸಿ ನೀರು ಹರಿಸಿದಳು. ಬಿಸಿಲಿಗೆ ಕಾದಷ್ಟೂ ಪ್ಯಾನೆಲ್ ಕರೆಂಟ್ ಕಮ್ಮಿ ಕೊಡುತ್ತದೆ. ನೀರು ಆ ಕಾವನ್ನು ಹೀರಿಕೊಂಡಿತು. ಕರೆಂಟೂ ಹೆಚ್ಚಿತು, ಬಟ್ಟೆ ಒಗೆಯಲು ಬಿಸಿನೀರೂ ಒದಗಿತು.

"ಬಿಸಿಲು ಒಂದೇ, ಬೆಳೆ ಎರಡು!" ಎಂದರು ಅತ್ತೆ. ಇರುವುದು ಹಿರಿಯ ಸೊಸೆಯ ಮನೆಯಲ್ಲಾದರೂ, ಟವೆಲ್ ಹೆಗಲಿಗೇರಿಸಿ ದಿನಾ ಸ್ನಾನಕ್ಕೆ ಕಿರಿಯವಳ ಮನೆಗೇ ಹೊರಟರು.

"ನಮ್ಮನೇಲಿ ನೀರಿಲ್ವಾ ಅತ್ತೆ?"

"ಇದೆ ಕಣಮ್ಮ. ಅಲ್ಲಿ ಬಿಸಿ ಇದೆ."

ಹಿರಿಯವಳಿಗೆ ಕೈಯಲ್ಲಿನ ಇಸ್ತ್ರಿಪೆಟ್ಟಿಗೆಗಿಂತ ಹೊಟ್ಟೆಯೇ ಹೆಚ್ಚು ಉರಿಯುತ್ತಿತ್ತು. ಒಂದು ಮಧ್ಯಾಹ್ನ ಮಾಳಿಗೆಯ ನಡುಗೋಡೆ ದಾಟಿದಳು. ವಾರಗಿತ್ತಿಯ ನೀರಿನ ವಾಲ್ವ್ ಮುಚ್ಚಿ ಬಂದಳು. ಹಾಲು ಕುಡಿದಷ್ಟು ಸಂತೋಷವಾಯಿತು.

ಸ್ವಲ್ಪ ಹೊತ್ತಿನಲ್ಲೇ ಮೇಲಿಂದ ಚೀರಾಟ ಕೇಳಿಸಿತು. ನೀರು ನಿಂತದ್ದನ್ನು ಕಂಡ ಕಿರಿಯವಳು, ಕಸ ಕಟ್ಟಿಕೊಂಡಿರಬೇಕೆಂದು ಕೊಳವೆಯ ಜಾಯಿಂಟ್ ಬಿಚ್ಚಿದ್ದಳು. ಒಳಗೇ ನಿಂತು ಸುಡುವಷ್ಟು ಕಾದಿದ್ದ ನೀರು ಮುಂಗೈ ಮೇಲೆ ಚಿಮ್ಮಿತ್ತು.

ಹಿರಿಯವಳು ಎದ್ದೆನೋ ಬಿದ್ದೆನೋ ಎಂದು ಮಾಳಿಗೆ ಹತ್ತಿ, ಗೋಡೆ ಹಾರಿ ಹೋಗಿ, ಆ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು.

ಕಿರಿಯವಳ ಕಣ್ಣು ಮುಚ್ಚಿದ ವಾಲ್ವ್ ಮೇಲೆ ಬಿತ್ತು. "ಗೋಡೆ ಹಾರೋದು ಚೆನ್ನಾಗಿ ಅಭ್ಯಾಸ ಆಗಿದೆ ಅಲ್ವಾ ಅಕ್ಕ?"

ಹಿರಿಯವಳು ತಲೆ ತಗ್ಗಿಸಿದಳು. "ನಾನೇ ಮುಚ್ಚಿದ್ದು. ಅತ್ತೆ ನಿನ್ನ ಹೊಗಳಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಕೈ ಸುಡತ್ತೆ ಅಂತ ಗೊತ್ತಿರ್ಲಿಲ್ಲ ಕಣೇ."

"ನಂಗೇನು ಉರಿಯಲ್ವಾ? ಅತ್ತೆ ನನ್ನ ಹತ್ರ ಬರೀ ಸ್ನಾನಕ್ಕೆ ಬರ್ತಾರೆ. ಊಟ, ಮಾತು, ನಿದ್ದೆ ಎಲ್ಲಾ ನಿಮ್ಮನೇಲೇ!"

ಇದು ಹಿರಿಯವಳಿಗೆ ಹೊಳೆದೇ ಇರಲಿಲ್ಲ.

ಕಿರಿಯವಳ ಕೈ ವಾಸಿಯಾಗುವವರೆಗೂ ಲಾಂಡ್ರಿಯ ಬಟ್ಟೆಗಳನ್ನು ಹಿರಿಯವಳೇ ಒಗೆದಳು. ಆ ಬೆಚ್ಚನೆ ನೀರಿಗೆ ಕೈಯಿಟ್ಟಾಗಲೆಲ್ಲ ಒಳಗೆ ಚುರ್ ಎನ್ನುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು ಕೇಳಿದಳು: "ನನ್ನ ಪ್ಯಾನೆಲ್ಲಿಗೂ ಕೊಳವೆ ಹಾಕ್ಕೊಡ್ತೀಯಾ?"

"ಹಾಕ್ತೀನಿ. ಆದ್ರೆ ಅತ್ತೆ ರಾತ್ರಿ ಊಟ ನಮ್ಮಲ್ಲಿ ಮಾಡ್ಬೇಕು."

ಹಿರಿಯವಳು ಕೈಯಲ್ಲಿದ್ದ ಚಾದರವನ್ನು ತುಂಬಾ ಹೊತ್ತು ಹಿಂಡಿದಳು.

"ಭಾನುವಾರ ಮಾತ್ರ," ಎಂದಳು.